ಭಾವನ ‘ಒಂದು ವೇಳೆ’

ನನ್ನ ಭಾವನನ್ನು ವಾದದಲ್ಲಿ ಸೋಲಿಸುವವರು ಕೇರಳದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ‘ಸೋಲಿಸುವುದು ಎಂದರೇನು?’ ಎಂಬ ಮೊದಲ ಪ್ರಶ್ನೆಗೇ ಸುಸ್ತಾಗಿ ಮಲಗಿರಬೇಕು!

ಭಾವ ಎಂದರೆ ಅಕ್ಕನ ಗಂಡ. ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಫೈಲುಗಳ ಮೇಲೆ ಟಿಪ್ಪಣಿ ಬರೆದು ಬರೆದು ನಿವೃತ್ತರಾದವರು. ಫೈಲು ಕೈಬಿಟ್ಟ ಮೇಲೆ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪು ಕೈಗೆ ಸಿಕ್ಕಿತು. ನಾನು ಕೊಚ್ಚಿಯ ಏಲೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನಾನು ಸುತ್ತಿದ ಮೋಟಾರು ಒಂದೂ ವಾಪಸು ಬಂದದ್ದಿಲ್ಲ. ಇದಕ್ಕೂ ಭಾವನ ತಕರಾರಿದೆ: ಅವರೆಲ್ಲ ಬೇಸತ್ತು ಬೇರೆ ಅಂಗಡಿಗೆ ಹೋಗಿರಬಹುದಲ್ಲ?

ಅವರ ವಾದಕ್ಕೆ ಮೂರು ಗೇರು. ಮೊದಲು ‘ಎಂದರೇನು’. ಆಮೇಲೆ ‘ಒಂದು ವೇಳೆ’. ಕೊನೆಗೆ, ‘ನೀವು ಕೇಳುತ್ತಿರುವುದು ತಿಳಿಯಲಿಕ್ಕೋ, ಕೆಣಕಲಿಕ್ಕೋ?’ ಅಲ್ಲಿಗೆ ಬಂದರೆ ಎದುರಿನವರು ಗುಂಪು ಬಿಟ್ಟರೆಂದೇ ಅರ್ಥ.

ಯುಗಾದಿ ಊಟಕ್ಕೆ ‘ಎಲ್ಲರೂ ಸಕುಟುಂಬ ಬನ್ನಿ’ ಎಂದು ಕಾರ್ಯದರ್ಶಿ ಬರೆದರು. ತಪ್ಪೇನು? ಭಾವ ಕೇಳಿದರು, ಒಂದು ವೇಳೆ ಬ್ರಹ್ಮಚಾರಿಯೊಬ್ಬ ಬಂದರೆ ಬಾಗಿಲಲ್ಲೇ ತಡೆಯುತ್ತೀರೋ? ಎರಡು ದಿನ ಚರ್ಚೆ ನಡೆಯಿತು. ಸಂಘದ ಏಕೈಕ ಬ್ರಹ್ಮಚಾರಿ ಆ ಕಾರ್ಯದರ್ಶಿಯೇ. ಪಾಪ, ಊಟ ಬಡಿಸಿ ತಾವು ಉಣ್ಣದೆ ಹೋದರು!

ಒಮ್ಮೆ ನನ್ನ ವರ್ಕ್‌ಶಾಪಿಗೆ ಬಂದು ಕೂತಿದ್ದರು. ಪಂಪಿನ ಮೋಟಾರು ಒಯ್ಯಲು ಬಂದವನು, “ಚೇಟ್ಟಾ, ಇನ್ನು ಸುಡುವುದಿಲ್ಲವಲ್ಲ?” ಎಂದ. ಇಲ್ಲ ಎಂದೆ ನಾನು. ಒಂದು ವೇಳೆ ಸಿಡಿಲು ಬಡಿದರೆ ಎಂದರು ಭಾವ, ಶುದ್ಧ ಮಲಯಾಳದಲ್ಲಿ. ಅವನು ಮೋಟಾರನ್ನು ಅಲ್ಲೇ ಇಟ್ಟು ಆಕಾಶ ನೋಡುತ್ತ ಹೋದ.

ಹೀಗಿರುವಾಗ ಸಂಘದ ಅಧ್ಯಕ್ಷತೆಗೆ ಯಾರೋ ನನ್ನ ಹೆಸರು ಬರೆದರು. ಸುಳ್ಳೇಕೆ, ನನಗೂ ಆಸೆ ಇತ್ತು. ಇಪ್ಪತ್ತು ವರ್ಷ ಕುರ್ಚಿ ಹಾಕಿ, ಮೈಕು ಕಟ್ಟಿದವನು. ಒಮ್ಮೆ ಆ ಕುರ್ಚಿಯಲ್ಲಿ ಕೂರಬಾರದೆ? ಕೂಡಲೇ ಕೊಚ್ಚಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರು ಗುಂಪಿನಲ್ಲಿ ಬರೆದರು: ‘ಅಧ್ಯಕ್ಷರು ಓದಿದವರಾಗಿದ್ದರೆ ಒಳ್ಳೆಯದು.’

ನಾನು ಭಾವನಿಗೆ ಫೋನು ಮಾಡಿದೆ. “ಭಾವ, ದಮ್ಮಯ್ಯ, ನೀವು ಬಾಯಿ ಹಾಕಬೇಡಿ.”

“ಬಾಯಿ ಹಾಕುವುದು ಎಂದರೇನು ಮಾರಾಯ?” ಎಂದು ಫೋನಿಟ್ಟರು. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಹತ್ತೇ ನಿಮಿಷ. ಭಾವ ಗುಂಪಿನಲ್ಲಿ ಕೇಳಿದ್ದರು: ‘ಓದಿದವರು ಎಂದರೇನು?’ ಡಿಗ್ರಿ ಇರುವವರು, ಎಂದು ಮ್ಯಾನೇಜರರ ಉತ್ತರ. ಎರಡನೇ ಗೇರು ಬಿತ್ತು:

‘ಒಂದು ವೇಳೆ, ಒಂದು ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸಲು ಸಾಧ್ಯ ಅಂತಿಟ್ಟುಕೊಳ್ಳಿ. ತಮ್ಮ ತನಗೆ ಲೆಕ್ಕ ತಲೆಗೆ ಹತ್ತುವುದಿಲ್ಲವೆಂದು ಸುಳ್ಳು ಹೇಳಿ ಶಾಲೆ ಬಿಟ್ಟ. ಅಕ್ಕ ಎಂ.ಎ. ಮಾಡಿದಳು. ಆ ಡಿಗ್ರಿ ಒಬ್ಬರದೋ, ಇಬ್ಬರದೋ?’

ಇದು ಬರೀ ಊಹೆಯೋ, ನಿಜವೋ ಎಂದು ಮ್ಯಾನೇಜರರು ಕೇಳಿದರು. ಮೂರನೇ ಗೇರಿಗೆ ಕಾದು ಕೂತಿದ್ದೆವು. ಭಾವ ಒಂದೇ ಪದ ಬರೆದರು: ‘ನಿಜ.’

ಅದು ಸುಳ್ಳೆಂದು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಗೊತ್ತಿತ್ತೆಂಬುದೂ ನನಗೆ ಗೊತ್ತಿರಲಿಲ್ಲ. ತಂತಿಗೆ ಹಚ್ಚುವ ವಾರ್ನಿಶ್ ಮೆತ್ತಿದ ಕೈಯಲ್ಲಿ ಫೋನು ಹಿಡಿದು ನಿಂತೇ ಇದ್ದೆ. ಸಂಜೆಗೆ ಮ್ಯಾನೇಜರರೇ ನನ್ನ ಹೆಸರನ್ನು ಅನುಮೋದಿಸಿದರು.

ಭಾವನಿಗೆ ಫೋನು ಮಾಡಿದೆ. ಎತ್ತಿದರು.

“ಯಾಕೆ ಫೋನು ಮಾಡಿದೆ?”

“ಸುಮ್ಮನೆ, ಭಾವ.”

‘ಸುಮ್ಮನೆ ಎಂದರೇನು’ ಎಂದು ಅವರು ಕೇಳಲಿಲ್ಲ.