ಹತ್ತನೇ ನಂಬರಿನ ಹುಡುಗ

ಶ್ಯಾಮಸುಂದರ ತನ್ನ ಮೂವತ್ತಾರು ವರ್ಷಗಳ ಆಯುಷ್ಯದಲ್ಲಿ ಚೆಂಡನ್ನು ಸರಿಯಾಗಿ ಒದ್ದದ್ದು ಒಂದೇ ಸಲ, ಅದೂ ಸಿಟ್ಟಿನಲ್ಲಿ. ತೊಂಬತ್ತೇಳನೇ ಇಸವಿಯ ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಮಸ್ಕತ್ತಿನ ವಾದಿ ಅದಾಯ್‌ನ ಸ್ಪೇರ್‌ಪಾರ್ಟ್ಸ್ ಅಂಗಡಿಯ ಎದುರು ಎರಡೂ ಕೈಯಲ್ಲಿ ಲಾರಿಯ ಸೈಲೆನ್ಸರ್ ಹೊತ್ತು ಬರುತ್ತಿದ್ದಾಗ, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಚೆಂಡು ಕಾಲಿಗೆ ಅಡ್ಡ ಬಂತು. ಮುಗ್ಗರಿಸಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. “ಎಂತ ಸಾವು ಮಾರಾಯ ಇದು!” ಎಂದು ಚಪ್ಪಲಿ ಕಾಲಲ್ಲೇ ಬೀಸಿ ಒದ್ದ. ಚೆಂಡು ಎರಡು ಪಿಕಪ್‌ಗಳ ನಡುವೆ ನುಸುಳಿ, ಗಾಳಿಯಲ್ಲಿ ಬಾಗಿ, ಗೋಡೆ ಬದಿಗೆ ಪೇರಿಸಿಟ್ಟಿದ್ದ ಟಯರುಗಳ ಹೊಟ್ಟೆಯೊಳಗೆ ಬಿತ್ತು. ಚಪ್ಪಲಿ ಬೇರೆ ದಿಕ್ಕಿಗೆ ಹೋಗಿ ಬಿತ್ತು, ಆದರೆ ಅದನ್ನು ಯಾರೂ ನೋಡಲಿಲ್ಲ.

ಚೆಂಡನ್ನು ಮಾತ್ರ ಅಂಗಡಿಯ ಧಣಿ ಖಲ್ಫಾನ್ ಸಾಹೇಬರು ತಮ್ಮ ಲ್ಯಾಂಡ್‌ಕ್ರೂಸರಿನ ಕಿಟಕಿಯಿಂದ ನೋಡಿಬಿಟ್ಟರು. ಕೆಲಸದವರಿಗೆಲ್ಲ ಅವರು ಅರ್ಬಾಬ್. ವೀಸಾ ಕೊಟ್ಟ ಕಫೀಲರೂ ಅವರೇ, ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ ಅವರೇ.

“ಶಾಮ್! ನೀನು ಫುಟ್‌ಬಾಲ್ ಆಡಿದವನಾ?” ಎಂದು ತಮ್ಮದೇ ಹಿಂದಿಯಲ್ಲಿ ಕೇಳಿದರು.

ಶ್ಯಾಮಸುಂದರ ಮಸ್ಕತ್ತಿನಲ್ಲಿ ಬಂದಿಳಿದ ದಿನ ಅಂಗಡಿಯ ಹಳೆಯ ಕ್ಯಾಷಿಯರ್ ವಾಲ್ಟರ್ ಪಿಂಟೊ ಅವನಿಗೆ ಒಂದೇ ಒಂದು ಪಾಠ ಕಲಿಸಿದ್ದರು. ಅರ್ಬಾಬ್ ಏನು ಕೇಳಿದರೂ ಇಲ್ಲ ಎನ್ನಬಾರದು. ಸಾಲದ್ದಕ್ಕೆ ಅವನ ಹೆಂಡತಿಯ ವೀಸಾದ ಅರ್ಜಿ ಅರ್ಬಾಬರ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಾ ಮಲಗಿತ್ತು.

“ಆಡಿದ್ದೇನೆ ಅರ್ಬಾಬ್. ಕಾಲೇಜಿನಲ್ಲಿ.”

ಕಾಲೇಜಿನಲ್ಲಿ ಅವನು ಆಡಿದ್ದು ಕೇರಂ.

ಅರ್ಬಾಬ್ ಕಾರಿನಿಂದಿಳಿದು, ನೋಯುವ ಮಂಡಿಯನ್ನು ಉಜ್ಜಿಕೊಳ್ಳುತ್ತಾ ಅವನನ್ನು ಪಕ್ಕಕ್ಕೆ ಕರೆದರು. ಅಲ್ ಖೌದ್‌ನ ವಿಶ್ವವಿದ್ಯಾಲಯದಲ್ಲಿ ಇವತ್ತು ವರ್ಷದ ಕೊನೆಯ ಪಂದ್ಯ. ಓದು ಮುಗಿಸಿ ಹೊರಬೀಳುವ ಹುಡುಗರಲ್ಲಿ ಯಾರನ್ನು ಯಾವ ಕ್ಲಬ್ ಸೇರಿಸಿಕೊಳ್ಳಬೇಕೆಂದು ಎಲ್ಲ ಕ್ಲಬ್ಬಿನವರೂ ನೋಡಲು ಬರುತ್ತಾರೆ. “ಕೆಂಪು ಅಂಗಿಯ ಹತ್ತನೇ ನಂಬರಿನವನನ್ನು ನೋಡಿಕೊಂಡು ಬಾ. ನಮ್ಮ ಕ್ಲಬ್ಬಿಗೆ ಆಗುತ್ತಾನೋ ಇಲ್ಲವೋ, ನನಗೆ ನಿಜ ಬೇಕು. ಕ್ಲಬ್ಬಿನವರೆಲ್ಲ ನನ್ನ ಮುಖ ನೋಡಿ ಮಾತಾಡುತ್ತಾರೆ. ಸಂಜೆ ನಮಾಜ್ ಆದ ಮೇಲೆ ಮನೆಗೆ ಬಾ. ನಿನ್ನ ಮಾತು ಕೇಳಿ, ನಿನ್ನ ಕಾಗದಕ್ಕೆ ಸಹಿ ಹಾಕಿ, ನಾನು ಏರ್‌ಪೋರ್ಟಿಗೆ ಹೋಗುತ್ತೇನೆ. ಯಲ್ಲಾ!”

ಮಂಡಿಯ ಆಪರೇಷನ್ನಿಗೆಂದು ಲಂಡನ್ನಿಗೆ ಹೊರಟಿದ್ದ ಅರ್ಬಾಬ್ ತಿರುಗಿ ಬರುವುದು ಎರಡು ತಿಂಗಳ ಮೇಲೆ. ಸಹಿ ಇವತ್ತೇ ಬೀಳಬೇಕಿತ್ತು.

ಮದುವೆಯಾಗಿ ಮೂರು ವರ್ಷವಾಗಿದ್ದರೂ ಅವನು ಹೆಂಡತಿಯ ಮುಖ ನೋಡಿದ್ದು ಎರಡು ರಜೆಗಳಲ್ಲಿ ಮಾತ್ರ. ಉಡುಪಿಯ ಹತ್ತಿರ ಅತ್ತೆಯ ಜೊತೆಗಿದ್ದ ವಾರಿಜಾಕ್ಷಿಯನ್ನು ನೆಂಟರು ಈಗಾಗಲೇ ಎರಡು ಸಲ ಊಟಕ್ಕೆ ಕರೆದು, ಸೀರೆ ಕೊಟ್ಟು, ಮಸ್ಕತ್ತಿಗೆಂದು ಬೀಳ್ಕೊಟ್ಟಿದ್ದರು. ಎರಡು ಸಲವೂ ಸಹಿ ಕೈತಪ್ಪಿತ್ತು. “ಇನ್ನೂ ಹೋಗ್ಲಿಲ್ವಾ?” ಎಂದು ಕೇಳದ ಮನೆ ಆ ಊರಿನಲ್ಲಿ ಉಳಿದಿರಲಿಲ್ಲ. “ಕೊಟ್ಟ ಸೀರೆ ವಾಪಸ್ ಕೊಡುವ ಅಂತ ಕಾಣ್ತದೆ ನಂಗೆ,” ಎಂದು ಕಳೆದ ವಾರ ಫೋನಿನಲ್ಲಿ ಅತ್ತಿದ್ದಳು. ಇತ್ತ ಶ್ಯಾಮಸುಂದರ ಅಲ್ ಮಬೇಲಾದಲ್ಲಿ ಎರಡು ಕೋಣೆಯ ಮನೆ ಹಿಡಿದು, ಕುಕ್ಕರ್ ತಂದಿಟ್ಟು, ಪ್ರತಿ ಶುಕ್ರವಾರ ಹೋಗಿ ಗುಡಿಸಿ, ಖಾಲಿ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಹೆಂಡತಿ ಇಲ್ಲದ ಬೇಸರ ಅವನಿಗೆ ಅಲ್ಲಿ ಕೂತಾಗಲೇ ಹೆಚ್ಚು.

ಮಧ್ಯಾಹ್ನ ಹೊರಡುವ ಹೊತ್ತಿಗೆ ಅವನು ಒಬ್ಬನೇ ಇರಲಿಲ್ಲ. ಪಿಕಪ್ ಓಡಿಸಲು ಡ್ರೈವರ್ ಹಾಜಬ್ಬ ಬೇಕೇ ಬೇಕಿತ್ತು. ವಾಲ್ಟರ್ ಪಿಂಟೊ ಮತ್ತು ಟಯರ್ ಜೋಡಿಸುವ ಕೊಗ್ಗ ಮಾತ್ರ ಯಾರೂ ಕರೆಯದೆ ಹತ್ತಿ ಕೂತರು.

“ನೀ ಹೆದರ್ಬೇಡ ಶ್ಯಾಮು,” ಎಂದರು ವಾಲ್ಟರ್. “ಮೂರೇ ವಿಷಯ ನೋಡ್ಬೇಕು. ಎರಡೂ ಕಾಲು ಓಡ್ತದಾ? ಕಣ್ಣು ಉಂಟಾ? ತಲೆ ಉಂಟಾ?”

“ಅದೆಲ್ಲ ಎಲ್ಲರಿಗೂ ಇರ್ತದಲ್ಲ ಪೊರ್ಬುಗಳೇ?” ಎಂದ ಶ್ಯಾಮಸುಂದರ. ಊರಿನ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆ ವಾಲ್ಟರನ್ನು ಅವನು ಹಾಗೆ ಕರೆಯುತ್ತಿದ್ದ.

“ಹಾಗಲ್ಲ ಮಾರಾಯ! ಆಟದ ತಲೆ, ಆಟದ ಕಣ್ಣು. ನಾನು ರೇಡಿಯೋದಲ್ಲಿ ಎಷ್ಟು ಕಮೆಂಟರಿ ಕೇಳಿದ್ದೇನೆ ಗೊತ್ತುಂಟಾ?”

ಕೊಗ್ಗನ ಶಾಸ್ತ್ರ ಬೇರೆ. ಊರಿನಲ್ಲಿ ಅವನು ಕೋಳಿ ಅಂಕದ ಹುಂಜ ಸಾಕಿದವನು. “ಕಾಲು, ಕಣ್ಣು ನೋಡಿದ್ರೆ ಸಾಲುದಿಲ್ಲ. ಕಳಕ್ಕೆ ಯಾವ ದಿಕ್ಕಿನಿಂದ ಇಳೀತದೆ ನೋಡ್ಬೇಕು. ಇವತ್ತು ಗುರುವಾರ, ಕೆಂಪು ಬಣ್ಣ, ಮೂಡು ದಿಕ್ಕಿನಿಂದ ಇಳಿದ್ರೆ ಮತ್ತೆ ಕೇಳುದೇ ಬೇಡ. ಮೀನಖಂಡ ಒಮ್ಮೆ ಮುಟ್ಟಿ ನೋಡ್ಲಿಕ್ಕೆ ಸಿಕ್ಕಿದ್ರೆ ಒಳ್ಳೇದು.”

“ಅರಬ್ಬಿ ಹುಡುಗನ ಕಾಲು ಮುಟ್ಟಿದ್ರೆ ನಿನ್ನ ಕಾಲು ಇರ್ಲಿಕ್ಕಿಲ್ಲ,” ಎಂದ ಹಾಜಬ್ಬ, ಗೇರು ಬದಲಿಸುತ್ತಾ.

ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲಿನವನು ಪಿಕಪ್ ತಡೆದ. ಶ್ಯಾಮಸುಂದರ ಬಾಯಿ ತೆರೆಯುವ ಮೊದಲೇ ವಾಲ್ಟರ್ ಕಿಟಕಿಯಿಂದ ತಲೆ ಹೊರಹಾಕಿ, “ಕೋಚ್! ಇಂಡಿಯಾ ಕೋಚ್!” ಎಂದು ಅವನ ಕಡೆ ಬೊಟ್ಟು ಮಾಡಿದರು. ಕಾವಲಿನವನು ಗೇಟು ತೆರೆದದ್ದಷ್ಟೇ ಅಲ್ಲ, ಮೈದಾನದವರೆಗೆ ತಾನೇ ಮುಂದೆ ನಡೆದು, ಇಂಡಿಯಾ ಕೋಚನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿಬಿಟ್ಟ. ಅಲ್ಲಿ ನಾಲ್ಕೈದು ಕ್ಲಬ್ಬಿನ ದೊಡ್ಡವರು ಬಿಳಿ ದಿಶ್ದಾಶ ನಿಲುವಂಗಿಯಲ್ಲಿ ಸಾಲಾಗಿ ಕೂತಿದ್ದರು. ಪಕ್ಕದಲ್ಲಿದ್ದ, ಮೆಹಂದಿ ಹಚ್ಚಿದ ಗಡ್ಡದ ದಪ್ಪ ಮನುಷ್ಯ ಅವನ ಕೈ ಕುಲುಕಿ, ಖರ್ಜೂರದ ತಟ್ಟೆ ಮುಂದಿಟ್ಟು, ಅವನ ಕಣ್ಣು ಎತ್ತ ತಿರುಗುತ್ತದೆಂದು ನೋಡುತ್ತಾ ಕೂತ. ಯಾರೋ ಪುಟ್ಟ ಬಟ್ಟಲಿನಲ್ಲಿ ಅರಬ್ಬಿ ಕಾಫಿ ಕಾವಾ ಬಗ್ಗಿಸಿದರು. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕು ಎಂಬುದು ಅವನಿಗೆ ಗೊತ್ತಿದ್ದರೂ ಗಾಬರಿಯಲ್ಲಿ ಮರೆತುಹೋಯಿತು. ಅವನು ಕುಡಿಯುತ್ತಲೇ ಇದ್ದ, ಅವರು ಬಗ್ಗಿಸುತ್ತಲೇ ಇದ್ದರು.

ಅಷ್ಟರಲ್ಲಿ ಕೊಗ್ಗ ಕಾಣೆಯಾಗಿದ್ದ. ನೋಡಿದರೆ ಮೈದಾನದ ಅಂಚಿನಲ್ಲಿ ಮೊಣಕಾಲೂರಿ, ಕೆಂಪು ಅಂಗಿಯ ಹತ್ತನೇ ನಂಬರಿನ ಎತ್ತರದ ಹುಡುಗನ ಮೀನಖಂಡವನ್ನು ಎರಡೂ ಕೈಯಿಂದ ಒತ್ತಿ ನೋಡುತ್ತಿದ್ದಾನೆ! ಮಾಲೀಸು ಮಾಡುವವನಿರಬೇಕೆಂದು ಹುಡುಗ ಇನ್ನೊಂದು ಕಾಲನ್ನೂ ಚಾಚಿದ. ಕೊಗ್ಗ ಸೋಫಾದ ಹಿಂದೆ ಬಂದು ಪಿಸುಗುಟ್ಟಿದ, “ಭಯಂಕರ ಉಂಟು. ಮೂಡು ದಿಕ್ಕಿನಿಂದಲೇ ಇಳಿದದ್ದು. ಕಣ್ಣು ಮಿಟುಕಿಸ್ಲಿಲ್ಲ.”

ಪಂದ್ಯ ಶುರುವಾಯಿತು. ಹತ್ತನೇ ನಂಬರಿನವನ ಬಳಿ ಮೊದಲ ಚೆಂಡು ಬಂದಾಗ ಅದು ಅವನ ಎರಡು ಕಾಲುಗಳ ನಡುವಿನಿಂದ ಹಾದುಹೋಯಿತು. ಅವನು ಅತ್ತ ಇತ್ತ ನೋಡಿದ, ಮೇಲೆಯೂ ನೋಡಿದ. ಎರಡನೆಯ ಸಲ ಚೆಂಡು ಸಿಕ್ಕಿದಾಗ ಬಹಳ ಜೋರಾಗಿ ಓಡಿದ, ಚೆಂಡು ಮಾತ್ರ ಹಿಂದೆಯೇ ಉಳಿಯಿತು. ಗೋಲಿನ ಎದುರು ಒಬ್ಬನೇ ನಿಂತು ಒದ್ದದ್ದು ಹೊರಗೆ ನಿಲ್ಲಿಸಿದ್ದ ಹಾಜಬ್ಬನ ಪಿಕಪ್ಪಿನ ಕನ್ನಡಿಗೆ ಬಡಿಯಿತು. ಕೇರಂ ಆಡಿದವನಿಗೂ ತಿಳಿಯುವಷ್ಟು ಆ ಆಟ ಕೆಟ್ಟದಾಗಿತ್ತು.

“ಇವ ಶಕ್ತಿ ಉಳಿಸಿಕೊಳ್ತಾ ಇದ್ದಾನೆ,” ಎಂದ ಕೊಗ್ಗ.

ಶ್ಯಾಮಸುಂದರನಿಗೆ ಉಸಿರು ಹಗುರಾಯಿತು. ಅರ್ಬಾಬ್ ನಿಜ ಕೇಳಿದ್ದಾರೆ, ನಿಜ ಸೋಫಾದಲ್ಲಿ ಕೂತಲ್ಲಿಗೇ ಕಾಣುತ್ತಿದೆ. ಆಗುವುದಿಲ್ಲ ಅರ್ಬಾಬ್ ಎಂದು ಹೇಳಿ ಸಹಿ ಹಾಕಿಸಿಕೊಂಡರೆ ಮುಗಿಯಿತು. ಅರ್ಧ ಪಂದ್ಯಕ್ಕೆ ಸೀಟಿ ಊದುವಾಗ ಅವನು ಖರ್ಜೂರ ತಿನ್ನುವಷ್ಟು ನಿಶ್ಚಿಂತನಾಗಿದ್ದ.

ಆಗಲೇ ಒಡೆದ ಕನ್ನಡಿಯ ಚೂರು ಹಿಡಿದುಕೊಂಡು ಹಾಜಬ್ಬ ಓಡಿಬಂದ. ಕನ್ನಡಿ ಒಡೆದವನು ಯಾರೆಂದು ಜಗಳಕ್ಕೆ ಹೋಗಿ, ಅಲ್ಲಿದ್ದ ಬೇರೆ ಡ್ರೈವರುಗಳಿಂದ ಸುದ್ದಿ ತಂದಿದ್ದ.

“ಹೋಯ್, ಅವ ಯಾರು ಗೊತ್ತುಂಟಾ? ಆ ಹತ್ತನೇ ನಂಬ್ರ? ಮಾಜಿದ್! ನಮ್ಮ ಅರ್ಬಾಬ್‌ನ ಮಗ! ಅಂಗಡಿಗೆ ಬಾರದವ, ನಮ್ಗೆ ಗುರ್ತ ಸಿಕ್ಕಿಲ್ಲ!”

ಖರ್ಜೂರದ ಬೀಜ ಶ್ಯಾಮಸುಂದರನ ಗಂಟಲಿಗೆ ಇಳಿಯಿತು. ವಾಲ್ಟರ್ ಅವನ ಬೆನ್ನಿಗೆ ಗುದ್ದಿ ಗುದ್ದಿ ಅದನ್ನು ಹೊರತೆಗೆಸಿದರು.

“ಆದ್ರೂ ಅವರು ನಿಜ ಹೇಳು ಅಂತಲೇ ಹೇಳಿದ್ದು ಪೊರ್ಬುಗಳೇ,” ಎಂದ ಕಣ್ಣೀರು ಒರೆಸಿಕೊಳ್ಳುತ್ತಾ.

“ಓ ದೇವಾ! ಯಾವ ಅಪ್ಪ ನಿಜ ಹೇಳು ಅಂತ ಹೇಳುದಿಲ್ಲ? ಹೇಳಿದವನನ್ನು ಮತ್ತೆ ಯಾರು ಮೂಸಿ ನೋಡ್ತಾರೆ? ಮೊನ್ನೆ ನನ್ನ ಲಿಲ್ಲಿ ಹಾಡಿದ್ದು ಹೇಗಿತ್ತು ಅಂತ ನಾನು ಕೇಳಿದೆ. ನೀನೇ ಒಳ್ಳೇದುಂಟು ಅಂದೆಯಲ್ಲ?”

“ಅದು… ಅವಳು ಸಣ್ಣ ಮಗು.”

“ವೀಸಾ ಬೇಕಾ, ನಿಜ ಬೇಕಾ?” ಎಂದು ಹಾಜಬ್ಬ ಒಂದೇ ಮಾತಿನಲ್ಲಿ ಮುಗಿಸಿದ. “ಹುಡುಗ ವಜ್ರ ಅಂತ ಹೇಳು. ಮಗ ಅಂತ ಅವರು ಹೇಳಿದಾಗ ‘ಹೌದಾ!’ ಅಂತ ಆಶ್ಚರ್ಯ ಮಾಡು. ಖಲಾಸ್.”

ಎರಡನೆಯ ಅರ್ಧದಲ್ಲಿ ಶ್ಯಾಮಸುಂದರ ಹತ್ತನೇ ನಂಬರಿನವನು ಚೆಂಡಿನ ಹತ್ತಿರ ಹೋದಾಗಲೆಲ್ಲ ಚಪ್ಪಾಳೆ ತಟ್ಟಿದ. ಅವನು ಜಾರಿ ಬಿದ್ದಾಗಲೂ ತಟ್ಟಿದ. ಮನಸ್ಸಿಗೆ ನಾಚಿಕೆಯಾಗುತ್ತಿತ್ತು, ಆದರೆ ಸುಳ್ಳಿಗೆ ಅಭ್ಯಾಸ ಬೇಕಲ್ಲ. ಗಡ್ಡದ ದಪ್ಪ ಮನುಷ್ಯ ಅವನನ್ನು ನೋಡಿ ಹತ್ತನೇ ನಂಬರಿನವನನ್ನು ನೋಡಿದ, ಮತ್ತೆ ಇವನನ್ನು ನೋಡಿದ. ಅರ್ಥವಾಗದಿದ್ದರೂ ಅವನೂ ತಟ್ಟತೊಡಗಿದ.

ಸಂಜೆ ನಮಾಜ್ ಮುಗಿದಾಗ ಶ್ಯಾಮಸುಂದರ ಅರ್ಬಾಬರ ಮನೆಯಲ್ಲಿ, ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಕೋಣೆಯ ರತ್ನಗಂಬಳಿಯ ತುದಿಯಲ್ಲಿ ಕೂತಿದ್ದ. ಬಾಗಿಲ ಬಳಿ ಎರಡು ಸೂಟ್‌ಕೇಸ್ ಸಿದ್ಧವಾಗಿದ್ದವು. ಅರ್ಬಾಬರ ಮುಂದೆ ಅವನ ಅರ್ಜಿಯಿತ್ತು, ಪಕ್ಕದಲ್ಲಿ ಪೆನ್ನೂ ಇತ್ತು.

“ಹೇಳು ಶಾಮ್. ಹುಡುಗ ಹೇಗೆ?”

“ಎರಡೂ ಕಾಲು ಓಡುತ್ತದೆ ಅರ್ಬಾಬ್. ಕಣ್ಣು ಇದೆ. ತಲೆ ಇದೆ. ಅವನು ವಜ್ರ.”

“ಕ್ಲಬ್ಬಿಗೆ ತೆಗೆದುಕೊಳ್ಳಬಹುದಾ? ಯೋಚನೆ ಮಾಡಿ ಹೇಳು.”

“ಯೋಚನೆಯೇ ಬೇಡ ಅರ್ಬಾಬ್.”

ಅರ್ಬಾಬರ ಮುಖ ಅರಳಲಿಲ್ಲ. ಅವರು ಪೆನ್ನು ಮುಟ್ಟದೆ ಮಂಡಿ ಉಜ್ಜಿಕೊಂಡರು. “ಅವನು ನನ್ನ ಮಗ,” ಎಂದರು.

“ಹೌದಾ!” ಎಂದು ಶ್ಯಾಮಸುಂದರ ಆಶ್ಚರ್ಯಪಟ್ಟ.

“ಅವನಿಗೆ ಚೆಂಡು ಬಿಟ್ಟರೆ ಬೇರೆ ಧ್ಯಾನವಿಲ್ಲ. ನಾನು ಅವನಿಗೆ ಮಾತು ಕೊಟ್ಟಿದ್ದೆ. ಆಟ ಬಲ್ಲವನೊಬ್ಬ, ನೀನು ಯಾರ ಮಗ ಎಂದು ತಿಳಿಯದವನು, ನೋಡಿ ಮೆಚ್ಚಿದರೆ ಆಡು. ಇಲ್ಲದಿದ್ದರೆ ಬೂಟು ಬಿಚ್ಚಿಟ್ಟು, ಹೈಮಾದಲ್ಲಿ ನಾವು ತೆರೆಯುವ ಹೊಸ ಅಂಗಡಿಯಲ್ಲಿ ಹೋಗಿ ಕೂರು ಎಂದು. ಅವನ ಆಟ ನಾನೂ ಕಂಡಿದ್ದೇನೆ ಶಾಮ್. ನೀನು ಬೇಡ ಎನ್ನುತ್ತೀಯೆಂದು ಬೆಳಿಗ್ಗೆಯಿಂದ ಧೈರ್ಯವಾಗಿದ್ದೆ.”

ಶ್ಯಾಮಸುಂದರ ಗಂಬಳಿಯ ಮೇಲೆ ಮುಂದಕ್ಕೆ ಸರಿದ. “ಅರ್ಬಾಬ್, ಇನ್ನೊಂದು ಪಂದ್ಯ ನೋಡಿದರೆ ಬಹುಶಃ…”

“ಬೇಡ. ಬೇರೆ ಕ್ಲಬ್ಬಿನ ಅಧ್ಯಕ್ಷ ಈಗಷ್ಟೇ ಫೋನ್ ಮಾಡಿದ್ದ. ಇಂಡಿಯಾ ಕೋಚ್ ಇಡೀ ಹೊತ್ತು ಹತ್ತನೇ ನಂಬರಿಗೆ ಚಪ್ಪಾಳೆ ತಟ್ಟುತ್ತಿದ್ದನಂತೆ, ಹುಡುಗನನ್ನು ತನಗೆ ಕೊಡು ಎಂದ. ಇಬ್ಬರಿಗೆ ಕಂಡದ್ದು ನನಗೆ ಕಾಣದಿದ್ದರೆ ತಪ್ಪು ನನ್ನದೇ ಇರಬೇಕು. ಕೊಟ್ಟ ಮಾತು ಕೊಟ್ಟದ್ದು. ಅವನು ಆಡಲಿ.”

ಎಂದವರು ಪೆನ್ನು ತೆಗೆದು, ಅರ್ಜಿಯ ಕೆಳಗೆ ಉದ್ದವಾಗಿ ಸಹಿ ಹಾಕಿಯೇಬಿಟ್ಟರು. ಶ್ಯಾಮಸುಂದರ ಎರಡೂ ಕೈ ಚಾಚಿದ. ಅವನ ಕಣ್ಣು ತುಂಬಿತು. ವಾರಿಜಾಕ್ಷಿ ಮಬೇಲಾದ ಅಡುಗೆಮನೆಯಲ್ಲಿ ನಿಂತದ್ದು ಅವನಿಗೆ ಕಂಡಂತೆಯೇ ಆಯಿತು.

“ನನ್ನ ಮುಖ ನೋಡದೆ ನಿಜ ಹೇಳಿದವನು ನೀನೊಬ್ಬನೇ,” ಎಂದರು ಅರ್ಬಾಬ್ ಎದ್ದು ನಿಲ್ಲುತ್ತಾ. “ಮಗನ ಜಾಗಕ್ಕೆ ನಂಬಿಕಸ್ಥ ಬೇಕು. ಶನಿವಾರ ನೀನೇ ಹೈಮಾಕ್ಕೆ ಹೊರಡು. ಅಂಗಡಿಯ ಹಿಂದೆ ಒಂದು ಕೋಣೆ ಇದೆ, ನಿನ್ನೊಡನೆ ಇನ್ನಿಬ್ಬರು ಮಲಗುತ್ತಾರೆ. ಹೆಂಗಸರಿಗೆ ಆಗುವ ಜಾಗವಲ್ಲ. ಹೆಂಡತಿ ಇಲ್ಲಿ ಆರಾಮವಾಗಿರಲಿ, ನೀನು ತಿಂಗಳಿಗೊಮ್ಮೆ ಬಂದು ಹೋಗು. ಎರಡು ವರ್ಷ ಅಷ್ಟೇ.”

ಹೊರಗೆ ಪಿಕಪ್ಪಿಗೆ ಒರಗಿ ನಿಂತಿದ್ದ ಮೂವರೂ ಸಹಿ ನೋಡಿ ಕುಣಿದರು. ಆಮೇಲೆ ಅವನ ಮುಖ ನೋಡಿ, ವಿಷಯ ಕೇಳಿ, ಕುಣಿತ ನಿಲ್ಲಿಸಿದರು.

“ಹೈಮಾದಲ್ಲಿ ಎಂತ ಉಂಟು?” ಎಂದು ಕೊಗ್ಗ ಕೇಳಿದ.

“ಸಲಾಲಾಕ್ಕೆ ಹೋಗುವ ದಾರಿ, ನಟ್ಟನಡು ಮರುಭೂಮಿ. ಒಂದು ಪೆಟ್ರೋಲ್ ಪಂಪ್ ಉಂಟು,” ಎಂದ ಹಾಜಬ್ಬ.

“ಮತ್ತೆ?”

ಹಾಜಬ್ಬ ಸ್ವಲ್ಪ ಯೋಚಿಸಿದ. “ಅದರಲ್ಲಿ ಪೆಟ್ರೋಲ್ ಉಂಟು.”

ದಾರಿಯಲ್ಲಿ ಫೋನ್ ಬೂತಿನ ಎದುರು ವಾಲ್ಟರೇ ಹೇಳಿ ಗಾಡಿ ನಿಲ್ಲಿಸಿ, ತಮ್ಮ ಕಾರ್ಡು ಕೊಟ್ಟರು. ಊರಿನಲ್ಲಿ ವಾರಿಜಾಕ್ಷಿ ಸಂಜೆಯಿಂದ ಪಕ್ಕದ ಮನೆಯ ಬೀಟ್ರಿಸ್ ಬಾಯಿಯ ಫೋನಿನ ಹತ್ತಿರ ಕಾದು ಕೂತಿದ್ದಳು. ಒಂದು ರಿಂಗಿಗೇ ಎತ್ತಿದಳು.

“ಸೈನ್ ಆಯ್ತಾ?”

“ಆಯ್ತು.”

ಅತ್ತ ಅವಳು ಅಳುತ್ತಾ ನಗುತ್ತಾ ಬೀಟ್ರಿಸ್ ಬಾಯಿಗೆ ಹೇಳುವುದು, ಆಕೆ ಯೇಸುವನ್ನು ಕರೆಯುವುದು, ಎಲ್ಲ ಕೇಳಿಸಿತು. ಬೂತಿನ ಗಾಜಿನಾಚೆ ಮೂವರೂ ತಲೆತಗ್ಗಿಸಿ ನಿಂತಿದ್ದರು.

“ನೋಡಿ, ನಂಗೆ ವಿಮಾನ ಎಲ್ಲ ಹೊಸತು,” ಎಂದಳು ವಾರಿಜಾಕ್ಷಿ. “ಇಳಿಯುವಾಗ ಏರ್‌ಪೋರ್ಟಲ್ಲಿ ಎದುರಿಗೇ ನಿಂತಿರ್ಬೇಕು. ಮತ್ತೆ ಮನೆಗೆ ಹೋಗಿ ನಾನೇ ಮೊದಲ ಅನ್ನ ಮಾಡುದು. ಆಯ್ತಾ?”

“ಆಯ್ತು,” ಎಂದ ಶ್ಯಾಮಸುಂದರ. “ಏರ್‌ಪೋರ್ಟಿಗೆ ವಾಲ್ಟರ್ ಬರ್ತಾರೆ.”

ಅತ್ತ ಕಡೆ ನಗು ನಿಂತಿತು. ಮೂರು ವರ್ಷದ ಮದುವೆಯಲ್ಲಿ ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

“ವಾಲ್ಟರ್ ಅಂದ್ರೆ ಯಾರು?” ಎಂದು ಕೇಳಿದಳು ವಾರಿಜಾಕ್ಷಿ.