ಕಾಬಾಳೆಗೆ ಬಚ್ಚಲ ನೀರು

ಹರಿಹರದಲ್ಲಿ ಮನೆ ಮಾಡಿಕೊಂಡು ತುಂಗಭದ್ರೆಯ ಗಿರಾಕಿಗಳನ್ನೇ ಕಿತ್ತುಕೊಳ್ಳಲು ಹೊರಟವನು ನಮ್ಮ ದೊಡ್ಡಪ್ಪನೊಬ್ಬನೇ. ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೊಳೆಗೆ ಹೊರಟವರನ್ನು ಜಗಲಿಯಿಂದಲೇ ಕೂಗುತ್ತಿದ್ದ: "ಅಷ್ಟು ದೂರ ಯಾಕ್ರಿ? ಬರ್ರಿ, ನಮ್ಮ ಬಚ್ಚಲದಾಗೆ ಬಿಸಿನೀರು ಐತೆ."

ಪುಣ್ಯಕ್ಕೆ ಅಂದುಕೊಂಡಿರಾ? ಅಲ್ಲ, ಕಾಬಾಳೆಗೆ. ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಆಳೆತ್ತರದ ಕಾಬಾಳೆಯ ಸಾಲು. ಬಾಳೆಯಂಥ ಎಲೆ, ನೆತ್ತಿಯ ಮೇಲೆ ಕೆಂಪು ಹೂವು. ಒಂದು ಕಾಂಡ ಹೂಬಿಟ್ಟು ಒಣಗಿದರೆ ಗಡ್ಡೆಯಿಂದ ಇನ್ನೊಂದು ಏಳುತ್ತಿತ್ತು. ಜೇನು, ಚಿಟ್ಟೆ, ಸೂರಕ್ಕಿ ಎಲ್ಲ ಅಲ್ಲೇ. ದೊಡ್ಡಪ್ಪ ಅವನ್ನು ಬೀಗರು ಎನ್ನುತ್ತಿದ್ದ. "ಮೆಲ್ಲಕ ನಡಿಯೋ, ಬೀಗರು ಊಟಕ್ಕೆ ಕುಂತಾರೆ." ಮಕ್ಕಳೇ ಇಲ್ಲದವನಿಗೆ ಬೀಗರು ಇನ್ನೆಲ್ಲಿಂದ ಬರಬೇಕು?

ದೊಡ್ಡವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸ್ನಾನಕ್ಕೆ ಉಳಿದದ್ದು ಒಂದೇ ಮೈ. ಅಷ್ಟು ಗಿಡಕ್ಕೆ ಅದರ ನೀರು ಸಾಲುತ್ತದೆಯೇ? ಒಮ್ಮೆ ಸಂತೆಗೆ ಬಂದ ಸಾರಥಿ ಎಂಬ ಹಳ್ಳಿಯ ರೈತರೊಬ್ಬರನ್ನು ಗಾಡಿಯಿಂದಲೇ ಇಳಿಸಿದ.

"ಮುಂಜಾನೇನೇ ಆಗೈತ್ರಿ ಸ್ನಾನ," ಎಂದರು ಅವರು.

"ಆದ್ರೇನ್ರಿ, ಇನ್ನೊಂದು ಮಾಡ್ರಿ."

"ಬೇಕಾದ್ರೆ ನನ್ನ ಎತ್ತಿಗೆ ಮಾಡಸ್ರಿ."

ದೊಡ್ಡಪ್ಪ ಎತ್ತುಗಳನ್ನು ಹಿತ್ತಲಿಗೆ ಹೊಡೆದೇಬಿಟ್ಟ. ಅವು ಮೈ ತೊಳೆಸಿಕೊಂಡು, ಎರಡು ಗಿಡ ಮೇಯ್ದು, ಸಂತೆಗೆ ಹೋದವು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು, ಯಾರ ಮುಂದೂ ಕೈಯೊಡ್ಡದೆ ಬದುಕಿದವನು. ರಜೆ ಬಂದರೆ ಸೈಕಲ್ ತುಳಿದು ಹರಿಹರಕ್ಕೆ ಹೋಗುತ್ತಿದ್ದೆ. ಒಂದು ಸಲ ಸ್ವಂತ ದುಡಿಮೆಯಲ್ಲಿ ಕೊಂಡ ವಾಸನೆ ಸೋಪು ಒಯ್ದೆ.

"ಬೀಗರ ಹೊಟ್ಟೆ ಕೆಡಸ್ತೀಯೇನಲೇ?" ಎಂದು ದೊಡ್ಡಪ್ಪ ಅದನ್ನು ಕಸಿದು ಸೀಗೆಪುಡಿ ಕೈಗಿಟ್ಟ.

ನಾನೂ ಬಿಡಲಿಲ್ಲ. "ಬಾವಿ ಗಿಡದ ಪಕ್ಕದಾಗೇ ಐತಲ್ಲ ದೊಡ್ಡಪ್ಪ. ಸೇದಿ ಹುಯ್ದ್ರೆ ಆತು."

"ಬರೇ ನೀರು ಅದಕ್ಕೆ ಒಗ್ಗಂಗಿಲ್ಲ. ಮೈ ಮುಟ್ಟಿದ ನೀರೇ ಬೇಕು."

ಈ ಮಾತು ಹೇಳಿ ಗಿರಣಿಯಲ್ಲಿ ಎಷ್ಟು ಮಂದಿಯನ್ನು ನಗಿಸಿದ್ದೇನೋ!

ಆ ವರ್ಷ ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೊಳೆ ತುಂಬಿತು. ಬೀದಿಯಲ್ಲಿ ಟವೆಲ್ಲಿನವರು ಯಾರೂ ಇಲ್ಲ. ನಾನು ತೊಯ್ದು ತೊಪ್ಪೆಯಾಗಿ ಹೋದಾಗ ಕಾಬಾಳೆ ಮೊಳಕಾಲುದ್ದ ನೀರಲ್ಲಿ ನಿಂತಿತ್ತು. ಹೂವೆಲ್ಲ ಉದುರಿ, ಬೀಗರ ಸುಳಿವೂ ಇರಲಿಲ್ಲ. ಬಚ್ಚಲಲ್ಲಿ ಮಾತ್ರ ಹಂಡೆ ತುಂಬ ನೀರು ಕಾಯುತ್ತಿತ್ತು. ಒಲೆಯ ಮುಂದೆ ದೊಡ್ಡಪ್ಪ, ಒಬ್ಬನೇ.

"ಬಂದ್ಯಾ? ಸ್ನಾನ ಮಾಡು ಬಾ. ನೀರಿಲ್ದೆ ಗಿಡ ಬಾಡ್ಯಾವೆ."

ತಮಾಷೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನ ಮುಖ ನೋಡಲಿಲ್ಲ. ಒಲೆಗೆ ಇನ್ನೊಂದು ಸೌದೆ ನೂಕಿದ.

"ಹೌದು ದೊಡ್ಡಪ್ಪ, ಬಾಳ ಬಾಡ್ಯಾವೆ," ಎಂದು ಅಂಗಿ ಕಳಚಿದೆ.

"ಸೋಪು ತಂದೀಯೇನು?"

"ಇಲ್ಲ."

"ಮುಂದಿನ ಸಲ ಬರುವಾಗ ತಗಂಬಾ," ಎಂದು ನನ್ನ ಬೆನ್ನಿಗೆ ಬಿಸಿನೀರು ಹುಯ್ದ.