ಮಾವನವರ ಬೆರಳು ಮತ್ತು ನನ್ನ ಜಾಯ್‌ಸ್ಟಿಕ್

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ತನ್ನ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಮಂದಿ ಬೆವರು ಸುರಿಸಿ ಮಾಡಿ ತಂದದ್ದನ್ನು ಕನ್ನಡಕದ ಮೇಲಿಂದ ನೋಡಿ, ಅದಕ್ಕೊಂದು ಹಸಿರು ಬೊಟ್ಟನ್ನೋ ಕೆಂಪು ಬೊಟ್ಟನ್ನೋ ಇಡುವುದು ನನ್ನ ಕೆಲಸ. ಹಸಿರಾದರೆ ಪಾಸು, ಕೆಂಪಾದರೆ ವಾಪಸು. ಹೀಗೆ ಕೆಂಪು ಬೊಟ್ಟು ಇಟ್ಟೂ ಇಟ್ಟೂ, ಇದನ್ನೇ ನಾನು ಮಾಡಿದ್ದರೆ ಎಷ್ಟು ಚೊಕ್ಕವಾಗಿ ಮಾಡುತ್ತಿದ್ದೆ ಎಂಬ ಭ್ರಮೆ ನನ್ನಲ್ಲಿ ಸೊಂಪಾಗಿ ಬೆಳೆದಿತ್ತು. ಅದನ್ನು ಬುಡಸಮೇತ ಕಿತ್ತು ಹಾಕಿದ್ದು ಒಂದು ಜಾಯ್‌ಸ್ಟಿಕ್.

ಬೂದಿಕೋಟೆಯ ಹತ್ತಿರ ನನ್ನ ಮಾವನವರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಒಂದು ದಿನ ಸೀಮೆಹಸುವಿನ ಹಗ್ಗವನ್ನು ಬಲಗೈಗೆ ಸುತ್ತಿಕೊಂಡು ಹೋಗುತ್ತಿದ್ದಾಗ ಅದು ಯಾವುದೋ ಬೈಕಿನ ಸದ್ದಿಗೆ ಬೆದರಿ ಓಡಿತು. ಮಾವನವರ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ಇದನ್ನು ಹಿಸುಕುತ್ತಾ ಇರಿ. ಬೆರಳಿಗೆ ಕೆಲಸ ಕೊಡದಿದ್ದರೆ ಹೀಗೇ ಉಳಿದುಬಿಡುತ್ತವೆ" ಎಂದು ಹೆದರಿಸಿದರು. ಮಾವನವರು ನಮ್ಮ ಕ್ವಾರ್ಟರ್ಸ್‌ನಲ್ಲೇ ಉಳಿದರು. ಅತ್ತ ಊರಲ್ಲಿ ಹಸುಗಳು ಪಕ್ಕದ ಮನೆಯವರ ಕೈಗೆ ಸರಿಯಾಗಿ ಹಾಲು ಕೊಡುತ್ತಿರಲಿಲ್ಲ. ದಲ್ಲಾಳಿಯೊಬ್ಬ ಬಂದು ಹಸುಗಳನ್ನು ನೋಡಿಕೊಂಡು ಹೋದನಂತೆ ಎಂದು ಅತ್ತೆ ಫೋನು ಮಾಡಿದ ದಿನ ಮಾವನವರು ಊಟಕ್ಕೇ ಏಳಲಿಲ್ಲ. ಆದರೂ ಚೆಂಡು ಮಾತ್ರ ಮುಟ್ಟಲೊಲ್ಲರು. "ಬೀದಿ ಜನ ಎಲ್ಲಾ ನೋಡ್ತಾವ್ರೆ. ಚೆಂಡು ಇಟ್ಕೊಂಡು ಕೂತ್ಕಳಾಕೆ ನಾನೇನು ಎಳೇ ಮಗೀನೇನಮ್ಮಾ?" ಎಂದು ಮಗಳ ಮೇಲೇ ರೇಗಿದರು.

ನನ್ನ ತಲೆ ಓಡಿತು. ಚೆಂಡು ಹಿಡಿದು ಕೂತವನನ್ನು ಜನ ಮಗು ಎಂದಾರು, ಕಂಪ್ಯೂಟರಿನ ಮುಂದೆ ಕೂತವನನ್ನು ಆಫೀಸರು ಎನ್ನುತ್ತಾರೆ. ಬಂಗಾರಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯ ಸಾಮಾನು ಬಿದ್ದಿತ್ತು. ಅದರಲ್ಲೊಂದು ಭಾರವಾದ ಜಾಯ್‌ಸ್ಟಿಕ್ ಪೆಟ್ಟಿಗೆ. ಎಡಗೈಗೆ ಗುಂಡು ತಲೆಯ ಒಂದು ಕೋಲು, ಬಲಗೈ ಬೆರಳುಗಳಿಗೆ ದಪ್ಪ ದಪ್ಪ ಗುಂಡಿಗಳು. ಗುಜರಿಯವನು, "ಏನ್ ಸಾರ್, ಇಮಾನ ಓಡಿಸ್ತೀರಾ?" ಎಂದು ಕೇಳುತ್ತಲೇ ಕಟ್ಟಿಕೊಟ್ಟ. ತೊಂದರೆ ಏನೆಂದರೆ, ಅದು ಯಾವುದೋ ಹಳೆಯ ಟೀವಿ ಆಟದ ಯಂತ್ರಕ್ಕೆ ಮಾತ್ರ ಕೂಡುವಂಥದ್ದು, ನಮ್ಮ ಮನೆಯ ಕಂಪ್ಯೂಟರಿಗೆ ಅದರ ಭಾಷೆ ತಿಳಿಯುವುದಿಲ್ಲ. "ರೀ, ಕಂಪ್ಯೂಟರಿಗೆ ಹಾಕೋದು ರೆಡಿಯಾಗೇ ಸಿಕ್ತದಂತಲ್ಲಾ" ಎಂದಳು ನನ್ನ ಹೆಂಡತಿ ರತ್ನ. ಇನ್‌ಸ್ಪೆಕ್ಷನ್‌ನವನು ರೆಡಿಯಾಗಿ ಸಿಗುವುದನ್ನು ತರುವುದೇ? ಹಟ ಹುಟ್ಟಿತು. ಇದನ್ನು ಕಂಪ್ಯೂಟರಿಗೆ ಒಗ್ಗಿಸಿಯೇ ಸೈ, ಮಾವನವರ ಬೆರಳು ಮಡಚಿಸಿಯೇ ಸೈ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಒಳಗಿನಿಂದ ಕುಕ್ಕರ್ ಕೂಗಿತು.

ಉಪಾಯ ಸರಳ. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಗೇಮ್‌ಪ್ಯಾಡ್ ಒಂದನ್ನು ತಂದು, ಒಡೆದು, ಅದರ ಹೊಟ್ಟೆಯೊಳಗಿನ ಬೋರ್ಡನ್ನು ಈ ಪೆಟ್ಟಿಗೆಯೊಳಗಿಟ್ಟು, ಗುಂಡಿಗೊಂದು ಕೋಲಿನ ದಿಕ್ಕಿಗೊಂದು ವೈರು ಎಳೆದು ಬೆಸುಗೆ ಹಾಕಿದರೆ ಮುಗಿಯಿತು. ನಮ್ಮ ಕಾರ್ಖಾನೆಯಲ್ಲಿ ಎರಡು ಕಟ್ಟಳೆಗಳಿವೆ: ಮಾಡಿದವನೇ ಪಾಸು ಮಾಡುವಂತಿಲ್ಲ, ಬಿಚ್ಚಿ ನೋಡದೆ ಪಾಸು ಮಾಡುವಂತಿಲ್ಲ. ಮನೆಯಲ್ಲೂ ಶಿಸ್ತು ಇರಲಿ ಎಂದು ಮಾವನವರನ್ನೇ ಇನ್‌ಸ್ಪೆಕ್ಟರಾಗಿ ನೇಮಿಸಿದೆ. ಅವರ ಮುಖ ಅರಳಿದ್ದನ್ನು ಅಷ್ಟು ದಿನಗಳಲ್ಲಿ ಮೊದಲ ಸಲ ಕಂಡೆ. "ಆಯಸ್ಸೆಲ್ಲಾ ಡೈರಿಯೋರು ನೀರೈತಾ ಅಂತ ನನ್ನ ಆಲ್ಗೆ ಮೀಟ್ರಾಕಿ ಮೀಟ್ರಾಕಿ ನೋಡವ್ರೆ, ಅಳಿಯಂದ್ರೇ. ಈಗ ನಾನೂ ಒಂದು ಕೈ ನೋಡೇಬುಡ್ತೀನಿ" ಎಂದರು. ರತ್ನ ಕೆಂಪು ಬೊಟ್ಟಿಗೆ ಕುಂಕುಮದ ಭರಣಿ ತಂದು ಮುಂದಿಟ್ಟಳು.

ಮೊದಲ ತಪಾಸಣೆಗೆ ಮುಚ್ಚಳದ ಸ್ಕ್ರೂ ಬಿಚ್ಚುವುದೇ ಒಂದು ಯುದ್ಧವಾಯಿತು. ಎಡಗೈಯಲ್ಲಿ ಸ್ಕ್ರೂಡ್ರೈವರ್ ಜಾರುತ್ತದೆ, ಬಲಗೈ ಹಿಡಿಯಲೊಲ್ಲದು. ನಾನು ಸಹಾಯಕ್ಕೆ ಹೋದರೆ, "ದೂರ ನಿಂತ್ಕಳಿ. ಮಾಡ್ದೋರು ಮುಟ್ಟಂಗಿಲ್ಲ" ಎಂದು ನನ್ನ ಕಟ್ಟಳೆಯನ್ನು ನನಗೇ ತಿರುಗಿಸಿದರು. ಹೇಗೋ ಬಲಗೈಯನ್ನೂ ಹಚ್ಚಿ ಬಿಚ್ಚಿದರು. ಒಂದೊಂದು ವೈರನ್ನೂ ಚಿವುಟಿ ಹಿಡಿದು ಜಗ್ಗಿದರು. ಎರಡು ವೈರು ಕಿತ್ತು ಕೈಗೇ ಬಂದವು. "ಇದೇನು ಬೆಸುಗೆಯಾ? ಮುಟ್ಟುದ್ರೆ ಬಂದ್ಬುಡ್ತದಲ್ಲಾ!" ಕುಂಕುಮ. ಮತ್ತೆ ಮಾಡಿದೆ. ಈ ಸಲ ಬೆಸುಗೆ ಹೆಚ್ಚಾಗಿ ಪಕ್ಕದ ವೈರಿಗೂ ಹರಿದು, ಯಾರೂ ಮುಟ್ಟದಿದ್ದರೂ ಕಂಪ್ಯೂಟರ್ ಪರದೆಯ ಮೇಲೆ ಆಟದ ಸಿಪಾಯಿ ಒಂದೇ ಸಮನೆ ಗುಂಡು ಹಾರಿಸತೊಡಗಿದ. ಕುಂಕುಮ. ಕಾರ್ಖಾನೆಯಲ್ಲಿ ಕೆಂಪು ಬೊಟ್ಟು ಕಂಡು ಹುಡುಗರ ಮುಖ ಯಾಕೆ ಹಾಗಾಗುತ್ತದೆಂದು ನನಗೆ ಆಗ ಅರ್ಥವಾಯಿತು. ಪ್ರತಿ ಸಲವೂ ಅವರು ಬಿಚ್ಚುವುದು, ಜಗ್ಗುವುದು, ಬೊಟ್ಟಿಡುವುದು, ಮತ್ತೆ ತಿರುಗಿಸಿ ತಿರುಗಿಸಿ ಸ್ಕ್ರೂ ಬಿಗಿಯುವುದು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಕೂರುವುದು.

ಕೊನೆಗೆ ಗುಂಡಿಗಳೆಲ್ಲ ಸರಿಯಾದವು, ಕೋಲು ಕೈಕೊಟ್ಟಿತು. ಎಡಕ್ಕೆ ತಳ್ಳಿದರೆ ಸಿಪಾಯಿ ಬಲಕ್ಕೆ ಓಡುತ್ತಾನೆ, ಮೇಲಕ್ಕೆಂದರೆ ಕೆಳಕ್ಕೆ. ಆಟವೇ ತಪ್ಪಿರಬೇಕೆಂದು ಎರಡು ದಿನ ವಾದಿಸಿದೆ. ಆಮೇಲೆ ಮುಚ್ಚಳ ತೆಗೆದು ಕೋಲನ್ನು ಆಡಿಸಿ ನೋಡಿದರೆ ಗುಟ್ಟು ಬಯಲಾಯಿತು: ಕೋಲು ನಡುವಿನಲ್ಲಿ ತಿರುಗುವುದರಿಂದ, ಮೇಲಿನ ತಲೆ ಎಡಕ್ಕೆ ಬಾಗಿದರೆ ಕೆಳಗಿನ ತುದಿ ಬಲಕ್ಕೆ ಹೋಗಿ ಅಲ್ಲಿನ ಸ್ವಿಚ್ಚನ್ನು ಒತ್ತುತ್ತದೆ. ನಾನು ಎಡದ ಸ್ವಿಚ್ಚಿಗೆ ಎಡ, ಬಲದ್ದಕ್ಕೆ ಬಲ ಎಂದು ಬಹಳ ನಿಷ್ಠೆಯಿಂದ ತಪ್ಪು ಮಾಡಿದ್ದೆ. ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಒಪ್ಪಿಸಿದೆ.

ಮಾವನವರು ಬಿಚ್ಚಿ, ಜಗ್ಗಿ, ಬಿಗಿದು, ಒಂದು ಆಟ ಆಡಿದರು. ಹಸಿರು ಬಣ್ಣ ಇಲ್ಲದ್ದಕ್ಕೆ ಪೆಟ್ಟಿಗೆಯ ಮೇಲೆ ಒಂದು ಕರಿಬೇವಿನ ಎಲೆ ಇಟ್ಟು, "ಪಾಸು" ಎಂದು ಎದ್ದು ನಿಂತರು. "ರತ್ನಾ, ಚೀಲ ಕೊಡಮ್ಮಾ, ಊರ್ಗೆ ಓಗ್ತೀನಿ." ನಾನು ದಂಗಾದೆ. "ಇನ್ನು ಮೇಲೇ ಅಲ್ವಾ ಮಾವ ಆಟ ಶುರು? ನಿಮ್ಮ ಬೆರಳು?" ಎಂದೆ. "ಬೆರಳ್ಗೇನಾಗೈತೆ?" ಎಂದು ಅವರು ಬಲಗೈ ಎತ್ತಿ ಮುಷ್ಟಿ ಕಟ್ಟಿದರು. ಐದೂ ಬೆರಳು ಗಟ್ಟಿಯಾಗಿ ಒಳಗೆ ಮಡಚಿದ್ದವು. ಅವರಿಗೂ ಅದು ಆಗಷ್ಟೇ ಕಂಡದ್ದು. ಮುಷ್ಟಿಯನ್ನು ಬಿಚ್ಚುತ್ತಾ ಕಟ್ಟುತ್ತಾ ನೋಡುತ್ತಾ ನಿಂತರು. ಹಸು ಮಾರುವುದು ತಪ್ಪಿತೆಂದು ರತ್ನ ಅಲ್ಲೇ ತನ್ನ ತಾಯಿಗೆ ಫೋನು ಮಾಡಿ ಅತ್ತಳು.

ಮಾರನೆಯ ದಿನ ಡಾಕ್ಟರು ಕೈ ಹಿಡಿದು ನೋಡಿ, ಏನು ವ್ಯಾಯಾಮ ಮಾಡಿಸಿದಿರಿ ಎಂದು ಬೆರಗಿನಿಂದ ಕೇಳಿದರು. ನಾನು ಜಾಯ್‌ಸ್ಟಿಕ್ಕಿನ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರತ್ನ, "ಏನಿಲ್ಲ ಡಾಕ್ಟ್ರೇ, ನಮ್ಮನೆಯೋರ್ಗೆ ಕೆಲ್ಸ ಬರಲ್ಲ. ಅದ್ರಿಂದ ವಾಸಿಯಾಯ್ತು" ಎಂದಳು. ಮೊದಲ ಸಲವೇ ನಾನು ಸರಿಯಾಗಿ ಮಾಡಿಬಿಟ್ಟಿದ್ದರೆ ಮಾವನವರ ಗತಿ ಏನಾಗುತ್ತಿತ್ತೋ ಎಂದು ಈಗ ನಮ್ಮ ಮನೆಯಲ್ಲಿ ಎಲ್ಲರೂ ಹೆದರುತ್ತಾರೆ. ಮಾವನವರು ಎರಡು ಹೊತ್ತೂ ಹಾಲು ಕರೆಯುತ್ತಿದ್ದಾರೆ. ಮೊನ್ನೆ ಅತ್ತೆಗೆ ಮೊಣಕಾಲು ಹಿಡಿದುಕೊಂಡಿದೆಯೆಂದು ಸುದ್ದಿ ಬಂತು. ರತ್ನ ನನ್ನ ಹತ್ತಿರ ಬಂದು ಕೂತು, ಮದುವೆಯಾದಾಗಿನಿಂದ ಕಾಣದ ಗೌರವದಿಂದ ಕೇಳಿದಳು: "ರೀ, ಕಾಲಲ್ಲಿ ತುಳಿಯೋ ಅಂಥದ್ದು ಯಾವುದಾದ್ರೂ ರಿಪೇರಿ ಮಾಡೋಕೆ ನಿಮ್ಗೆ ಬರಲ್ವಾ?"

ಹೊಲಿಗೆ ಯಂತ್ರದ ರಿಪೇರಿ ಸ್ವಲ್ಪವೂ ಬರುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ.